ತುರ್ತು ಚಿಕಿತ್ಸೆಯಲ್ಲಿ ಶ್ವಾಸಮಾರ್ಗ ಸಾಧನಗಳು

ಶ್ವಾಸಮಾರ್ಗ ಸಾಧನಗಳು ಎಂದರೆ ಪ್ರಜ್ಞೆ ತಪ್ಪಿದ, ತೀವ್ರವಾಗಿ ಗಾಯಗೊಂಡ ಅಥವಾ ಸ್ವತಃ ಉಸಿರಾಡಲಾಗದ ರೋಗಿಗಳಲ್ಲಿ ಶ್ವಾಸಕೋಶಗಳಿಗೆ ಗಾಳಿ ಹೋಗುವ ದಾರಿಯನ್ನು ತೆರೆದಿಡುವ ವೈದ್ಯಕೀಯ ಉಪಕರಣಗಳು. ಆಮ್ಲಜನಕದ ಪೂರೈಕೆ ನಿಂತರೆ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗುತ್ತದೆ. ಯಾವ ಸಾಧನವನ್ನು ಬಳಸಬೇಕೆಂಬುದು ರೋಗಿಯ ಸ್ಥಿತಿ, ಚಿಕಿತ್ಸೆ ನೀಡುವವರ ತರಬೇತಿ ಮತ್ತು ಆಸ್ಪತ್ರೆಗಿರುವ ದೂರವನ್ನು ಅವಲಂಬಿಸಿರುತ್ತದೆ.

ಸರಳ ಸಾಧನಗಳು

ಪ್ರಜ್ಞೆ ತಪ್ಪಿದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚಬಹುದು. ಅಪಘಾತದಲ್ಲಿ ಕುತ್ತಿಗೆಯ ಬೆನ್ನುಮೂಳೆಗೆ ಪೆಟ್ಟಾಗಿರುವ ಶಂಕೆಯಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸದೆ, ಕೆಳದವಡೆಯನ್ನು ಮಾತ್ರ ಮುಂದಕ್ಕೆ ತಳ್ಳಲಾಗುತ್ತದೆ. ರಕ್ತ, ವಾಂತಿಗಳನ್ನು ಹೀರುಯಂತ್ರದಿಂದ ತೆಗೆಯಲಾಗುತ್ತದೆ. ಬಾಯಿಯ ಮೂಲಕ ಇಡುವ ಗಿಡೆಲ್ ನಳಿಕೆಯು ಆಳವಾಗಿ ಪ್ರಜ್ಞೆ ತಪ್ಪಿದವರಿಗೆ ಮಾತ್ರ ಸೂಕ್ತ. ಗಂಟಲಿನ ಪ್ರತಿವರ್ತನೆ ಉಳಿದಿದ್ದರೆ ಅದು ವಾಂತಿಯನ್ನು ಉಂಟುಮಾಡಬಹುದು. ಅಂಥವರಿಗೆ ಮೂಗಿನ ನಳಿಕೆಯನ್ನು ಬಳಸಬಹುದಾದರೂ, ತಲೆಬುರುಡೆಯ ತಳ ಮುರಿದಿರುವ ಸಂಶಯವಿದ್ದಾಗ ಅದನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಇವುಗಳೊಂದಿಗೆ ಚೀಲ ಮತ್ತು ಮುಖವಾಡದಿಂದ ಕೃತಕ ಉಸಿರಾಟ ನೀಡಬಹುದು.

ಧ್ವನಿಪೆಟ್ಟಿಗೆಯ ಮೇಲೆ ಕೂರುವ ಸಾಧನಗಳು

ಲ್ಯಾರಿಂಜಿಯಲ್ ಮಾಸ್ಕನ್ನು ಬ್ರಿಟಿಷ್ ವೈದ್ಯ ಆರ್ಚಿ ಬ್ರೇನ್ 1981ರಲ್ಲಿ ರೂಪಿಸಿದರು. ಇದನ್ನೂ ಐ-ಜೆಲ್ ಸಾಧನವನ್ನೂ ಧ್ವನಿತಂತುಗಳನ್ನು ಕಣ್ಣಿನಿಂದ ನೋಡದೆಯೇ ಶೀಘ್ರವಾಗಿ ಅಳವಡಿಸಬಹುದು. ಆದರೆ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಸೇರುವುದನ್ನು ಇವು ಸಂಪೂರ್ಣವಾಗಿ ತಡೆಯಲಾರವು. ಬಾಯಿ ತೆರೆಯಲಾಗದಿದ್ದಾಗ ಅಥವಾ ಧ್ವನಿಪೆಟ್ಟಿಗೆಯೇ ಊದಿಕೊಂಡಿದ್ದಾಗ ಇವುಗಳಿಂದ ಪ್ರಯೋಜನವಾಗದು.

ಎಂಡೋಟ್ರೇಕಿಯಲ್ ನಾಳ

ಶ್ವಾಸನಾಳದೊಳಗೆ ಇಳಿಸುವ ಈ ನಾಳವು ಹೆಚ್ಚಿನ ರಕ್ಷಣೆ ನೀಡುತ್ತದೆ. ತಲೆಗೆ ಪೆಟ್ಟಾಗಿ ಗ್ಲಾಸ್ಗೋ ಕೋಮಾ ಮಾಪಕದಲ್ಲಿ 8 ಅಥವಾ ಅದಕ್ಕಿಂತ ಕಡಿಮೆ ಅಂಕವಿರುವವರಿಗೆ ಸಾಮಾನ್ಯವಾಗಿ ಇದನ್ನು ಪರಿಗಣಿಸಲಾಗುತ್ತದೆ. ನಾಳವು ತಪ್ಪಿ ಅನ್ನನಾಳಕ್ಕೆ ಹೋದರೆ ಸಾವು ಸಂಭವಿಸಬಹುದು. ಆದ್ದರಿಂದ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಕ್ಯಾಪ್ನೋಗ್ರಾಫ್‌ನಿಂದ ಅಳೆದು ಅದರ ಸ್ಥಾನವನ್ನು ಖಚಿತಪಡಿಸಿಕೊಳ್ಳಬೇಕು. 2018ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಏರ್‌ವೇಸ್-2 ಅಧ್ಯಯನದಲ್ಲಿ, ಆಸ್ಪತ್ರೆಯ ಹೊರಗೆ ಹೃದಯಸ್ತಂಭನವಾದವರಿಗೆ ಐ-ಜೆಲ್‌ಗಿಂತ ಈ ನಾಳದಿಂದ ಉತ್ತಮ ಫಲಿತಾಂಶ ದೊರೆಯಲಿಲ್ಲ. ಆ ಅಧ್ಯಯನ ಅಪಘಾತದ ಗಾಯಾಳುಗಳ ಕುರಿತದ್ದಲ್ಲ.

ಶಸ್ತ್ರಕ್ರಿಯೆಯ ಮಾರ್ಗ

ನಾಳವನ್ನು ಇಳಿಸಲಾಗದೆ, ಮುಖವಾಡ ಅಥವಾ ಇತರ ಸಾಧನಗಳಿಂದಲೂ ಆಮ್ಲಜನಕ ನೀಡಲಾಗದೆ ಹೋದರೆ ಕುತ್ತಿಗೆಯ ಮುಂಭಾಗದಲ್ಲಿ ರಂಧ್ರ ಮಾಡುವ ಕ್ರೈಕೋಥೈರಾಯ್ಡೋಟಮಿ ಕೊನೆಯ ಮಾರ್ಗವಾಗಿದೆ. ಮುಖ ನುಜ್ಜುಗುಜ್ಜಾದ ಗಾಯಾಳುಗಳಲ್ಲಿ ಇದು ಬೇಗನೆ ಅಗತ್ಯವಾಗಬಹುದು.

ಹಾಸನ ಜಿಲ್ಲೆಯ ಸಂದರ್ಭ

ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳು ಜಿಲ್ಲಾ ಕೇಂದ್ರವಾದ ಹಾಸನದಿಂದ ಸುಮಾರು 30ರಿಂದ 40 ಕಿ.ಮೀ. ದೂರದಲ್ಲಿವೆ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಚನ್ನರಾಯಪಟ್ಟಣ ಮತ್ತು ಹಾಸನಗಳ ಮೂಲಕ ಸಾಗುತ್ತದೆ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2006ರಲ್ಲಿ ಆರಂಭವಾಯಿತು. ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಸೇವೆ 2008ರಲ್ಲಿ ಆರಂಭವಾಯಿತು.

ಇಷ್ಟು ದೂರದ ಪ್ರಯಾಣದಲ್ಲಿ ಸಾಧನದ ಆಯ್ಕೆ ಹೊರಡುವ ಮೊದಲೇ ಆಗಬೇಕು. ಚಲಿಸುವ ವಾಹನದಲ್ಲಿ ನಾಳ ಇಳಿಸುವುದು ಕಷ್ಟ. ದಾರಿಯಲ್ಲಿ ಉಸಿರಾಟ ಕೆಡುವ ಸಂಭವವಿದ್ದರೆ, ತರಬೇತಿ ಪಡೆದವರಿರುವ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಶ್ವಾಸಮಾರ್ಗವನ್ನು ಭದ್ರಪಡಿಸುವುದು ಸುರಕ್ಷಿತ. ರೋಗಿಯನ್ನು ಸ್ಥಳಾಂತರಿಸಿದ ಪ್ರತಿ ಬಾರಿಯೂ ನಾಳದ ಸ್ಥಾನವನ್ನು ಮರುಪರಿಶೀಲಿಸಬೇಕು.

ಕೃಷಿ ಪ್ರದೇಶಗಳ ತುರ್ತು ಪ್ರಕರಣಗಳು ಅಪಘಾತಗಳಿಗೆ ಸೀಮಿತವಲ್ಲ. ಆರ್ಗನೋಫಾಸ್ಫೇಟ್ ಕೀಟನಾಶಕ ಸೇವಿಸಿದವರ ಬಾಯಿ ಮತ್ತು ಶ್ವಾಸಕೋಶಗಳಲ್ಲಿ ಸ್ರಾವ ತುಂಬುತ್ತದೆ. ನಾಳ ಇಳಿಸಲು ಬಳಸುವ ಸಕ್ಸಿನೈಲ್‌ಕೋಲಿನ್ ಔಷಧದ ಪರಿಣಾಮವೂ ಅವರಲ್ಲಿ ದೀರ್ಘವಾಗುತ್ತದೆ. ನಾಗರಹಾವು ಅಥವಾ ಕಟ್ಟುಹಾವು ಕಡಿದಾಗ ಉಸಿರಾಟದ ಸ್ನಾಯುಗಳು ನಿಷ್ಕ್ರಿಯವಾಗಬಹುದು. ಆಗ ದಾರಿ ತೆರೆದಿದ್ದರೆ ಸಾಲದು, ಕೃತಕ ಉಸಿರಾಟವೂ ಬೇಕು.

ಆಯ್ಕೆಯ ತತ್ತ್ವ

ಗುರಿ ನಾಳ ಹಾಕುವುದಲ್ಲ, ಆಮ್ಲಜನಕ ತಲುಪಿಸುವುದು. ಒಂದೇ ವಿಧಾನವನ್ನು ಮತ್ತೆ ಮತ್ತೆ ಪ್ರಯತ್ನಿಸಿದರೆ ಊತ ಮತ್ತು ರಕ್ತಸ್ರಾವ ಹೆಚ್ಚುತ್ತವೆ. ಆದ್ದರಿಂದ ಪ್ರಯತ್ನಗಳನ್ನು ಸೀಮಿತಗೊಳಿಸಿ, ವಿಫಲವಾದರೆ ಮುಂದಿನ ಸಾಧನ ಯಾವುದೆಂದು ಮೊದಲೇ ನಿರ್ಧರಿಸಲಾಗುತ್ತದೆ. ಸರಳ ಸಾಧನದಿಂದ ಆಮ್ಲಜನಕ ಸಾಕಷ್ಟು ದೊರೆಯುತ್ತಿದ್ದರೆ, ನುರಿತವರು ಸಿಗುವವರೆಗೆ ಅದನ್ನೇ ಮುಂದುವರಿಸಬಹುದು.