ಚರ್ಮರೋಗಗಳ ಬೆಳಕಿನ ಚಿಕಿತ್ಸೆ

ಬೆಳಕಿನ ಚಿಕಿತ್ಸೆಯ ಚರಿತ್ರೆಯಲ್ಲಿ ಗುಣ ಮೊದಲು ಕಂಡಿತು, ಕಾರಣ ಬಹಳ ತಡವಾಗಿ ತಿಳಿಯಿತು. ಆಧುನಿಕ ಪದ್ಧತಿಯ ಜನಕನೆನಿಸಿದ ನೀಲ್ಸ್ ಫಿನ್ಸೆನ್‌ನ ಕೆಲಸವೇ ಇದಕ್ಕೆ ಸಾಕ್ಷಿ. ಮುಖವನ್ನೇ ವಿಕಾರಗೊಳಿಸುವ ಚರ್ಮಕ್ಷಯಕ್ಕೆ ಆತ 1895ರಲ್ಲಿ ಕೋಪನ್‌ಹೇಗನ್‌ನಲ್ಲಿ ಇಂಗಾಲದ ಆರ್ಕ್ ದೀಪದ ಬೆಳಕನ್ನು ಮಸೂರಗಳ ಮೂಲಕ ಹಾಯಿಸತೊಡಗಿದ. ಹಲವರ ಹುಣ್ಣು ಮಾಯಿತು; 1903ರಲ್ಲಿ ನೊಬೆಲ್ ಬಹುಮಾನವೂ ಬಂತು. ನೇರಳಾತೀತ ಕಿರಣಗಳು ರೋಗಾಣುಗಳನ್ನು ನೇರವಾಗಿ ಕೊಲ್ಲುತ್ತವೆ ಎಂಬ ವಿವರಣೆಯನ್ನು ಎಲ್ಲರೂ ಒಪ್ಪಿದ್ದರು. ಆದರೆ 2005ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಆ ಹಳೆಯ ಮಸೂರಗಳನ್ನು ಪರೀಕ್ಷಿಸಿದಾಗ, 340 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಕಿರಣಗಳು ಅವುಗಳನ್ನು ದಾಟುತ್ತಲೇ ಇರಲಿಲ್ಲವೆಂದು ಗೊತ್ತಾಯಿತು. ರೋಗಾಣುವಿನೊಳಗಿನ ಪಾರ್ಫಿರಿನ್‌ಗಳು ಉಳಿದ ಬೆಳಕನ್ನು ಹೀರಿ, ಆಮ್ಲಜನಕದ ಒಂದು ಉಗ್ರ ರೂಪವನ್ನು ಹುಟ್ಟಿಸಿ, ಅದರ ಪ್ರಾಣಕ್ಕೇ ಮುಳುವಾಗಿರಬೇಕು ಎಂಬುದು ಅವರ ತರ್ಕ. ವಿವರಣೆ ತಪ್ಪಾಗಿದ್ದರೂ ರೋಗಿ ಗುಣವಾಗಿದ್ದನೆಂಬುದು ಸುಳ್ಳಲ್ಲ.

ಹಾಗಾದರೆ ಬಾವಂಚಿ ಬೀಜವನ್ನು ತೊನ್ನಿಗೆ ಹಚ್ಚಿ ಬಿಸಿಲಿಗೊಡ್ಡುತ್ತಿದ್ದ ನಮ್ಮ ಪ್ರಾಚೀನ ವೈದ್ಯರೇ ಮೊದಲಿಗರಲ್ಲವೇ ಎಂದು ಕೇಳಬಹುದು. ಗಮನಿಸುವುದರಲ್ಲಿ ಅವರು ಮುಂದಿದ್ದರು, ನಿಜ. ಆ ಬೀಜದ ಸೊರಾಲೆನ್ ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುತ್ತದೆ. ಈಜಿಪ್ಟಿನವರೂ ಬೇರೊಂದು ಗಿಡದಿಂದ ಇದನ್ನೇ ಸಾಧಿಸುತ್ತಿದ್ದರು. 1940ರ ದಶಕದಲ್ಲಿ ಅಲ್ಲಿನ ಅಬ್ದೆಲ್ ಮೊನೆಮ್ ಎಲ್ ಮೊಫ್ತಿ ಅದರ ಶುದ್ಧ ಸತ್ವವನ್ನು ತೊನ್ನಿಗೆ ಬಳಸಿದ. ಆದರೆ ಬೀಜದ ಸತ್ವ, ಬಿಸಿಲಿನ ಬಿರುಸು ಎರಡೂ ದಿನಕ್ಕೊಂದು ಬಗೆ. ಅಳತೆ ತಪ್ಪಿದರೆ ಮದ್ದೇ ಬೊಬ್ಬೆ ಎಬ್ಬಿಸುತ್ತದೆ. 1974ರಲ್ಲಿ ಪ್ಯಾರಿಷ್, ಫಿಟ್ಸ್‌ಪ್ಯಾಟ್ರಿಕ್ ಮತ್ತು ಸಂಗಡಿಗರು ಸೋರಿಯಾಸಿಸ್ ರೋಗಿಗಳಿಗೆ ಸೊರಾಲೆನ್ ನುಂಗಿಸಿ, ಅಳೆದ ಪ್ರಮಾಣದ ದೀರ್ಘತರಂಗದ ನೇರಳಾತೀತ ಕಿರಣ ಹಾಯಿಸಿದರು. 'ಪುವಾ' ಎಂಬ ಹೆಸರಿನ ಈ ಪದ್ಧತಿ ಬಲು ಬೇಗ ಹರಡಿತು. ಅಳತೆಯಿದ್ದರೂ ಅಪಾಯ ತಪ್ಪಲಿಲ್ಲ: ವರ್ಷಗಟ್ಟಲೆ ಇದನ್ನು ಪಡೆದ ಬಿಳಿ ಚರ್ಮದವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಿತು.

ಮುಂದಿನ ದಾರಿ ತೆರೆದದ್ದು ಬೆಳಕನ್ನು ಸೋಸಿದ್ದರಿಂದ. 1981ರಲ್ಲಿ ಪ್ಯಾರಿಷ್ ಮತ್ತು ಯೆನಿಕೆ, 290 ನ್ಯಾನೋಮೀಟರ್ ಹಾಗೂ ಅದಕ್ಕಿಂತ ಕಡಿಮೆಯ ಕಿರಣ ಚರ್ಮವನ್ನು ಕೆಂಪಾಗಿಸುತ್ತದೆ, ಸೋರಿಯಾಸಿಸ್ಸನ್ನು ಮಾತ್ರ ಗುಣಪಡಿಸದು ಎಂದು ತೋರಿಸಿದರು. ಅದೇ ದಶಕದಲ್ಲಿ ಫಿಲಿಪ್ಸ್ ಸಂಸ್ಥೆಯ 311 ನ್ಯಾನೋಮೀಟರ್ ಆಸುಪಾಸಿನ ದೀಪ ಬಂತು. ಸೊರಾಲೆನ್ ನುಂಗುವ ಗೋಜು ಇಲ್ಲವಾಯಿತು. ಹೊಸ ಜೈವಿಕ ಔಷಧಗಳು ಬಂದ ಮೇಲೂ ಈ ದೀಪ ಬೇಕೇ ಎಂಬ ಆಕ್ಷೇಪವಿದೆ. ತೀವ್ರ ಸೋರಿಯಾಸಿಸ್‌ನಲ್ಲಿ ಆ ಚುಚ್ಚುಮದ್ದುಗಳೇ ಹೆಚ್ಚು ಪರಿಣಾಮಕಾರಿ, ನಿಜ. ಆದರೂ ಅವು ದುಬಾರಿ, ದೇಹದ ರೋಗನಿರೋಧಕ ವ್ಯವಸ್ಥೆಗೇ ಕೈಹಾಕುತ್ತವೆ. ಈ ದೀಪವನ್ನಾದರೋ ಗರ್ಭಿಣಿಯರಿಗೂ ಬಳಸಬಹುದು. ಇದರ ದೊಡ್ಡ ತೊಡಕು ಬೇರೆಯೇ: ವಾರಕ್ಕೆ ಎರಡು ಮೂರು ಸಲದಂತೆ ತಿಂಗಳುಗಟ್ಟಲೆ ಕೆಲಸ ಬಿಟ್ಟು ಆಸ್ಪತ್ರೆಗೆ ಬರಬೇಕು.