ಗೂಢಪುರುಷರ ಆಯ್ಕೆ

2025ನೆಯ ಇಸವಿಯ ಜುಲೈ ತಿಂಗಳಿನಲ್ಲಿ, ಬಾಳೆಲೆಯ ಗದ್ದೆಗಳಲ್ಲಿ ನಾಟಿಯ ಕೆಲಸವು ನಡೆಯುತ್ತಿದ್ದಾಗ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ನಮ್ಮ ಮನೆಗೆ ಬಂದಳು. ಕೇಂದ್ರ ಸರ್ಕಾರದ ಇಂಟೆಲಿಜೆನ್ಸ್ ಬ್ಯೂರೋದಲ್ಲಿ 3,717 ಸಹಾಯಕ ಅಧಿಕಾರಿಗಳ ಹುದ್ದೆಗಳಿಗೆ ಅರ್ಜಿಗಳನ್ನು ಕರೆದಿದ್ದರು. ಆಕೆ ಪದವೀಧರೆ, ಇಪ್ಪತ್ತೇಳು ವರ್ಷಗಳ ಮಿತಿಯೂ ಮೀರಿರಲಿಲ್ಲ. ಆದರೆ ತಾಯಿಗೆ ಮನಸ್ಸಿರಲಿಲ್ಲ. “ಊರವರ ಮೇಲೆ ಚಾಡಿ ಹೇಳುವ ಕೆಲಸವಲ್ಲವೇ ಮಾಷ್ಟ್ರೇ?” ಎಂದರು. ನಾನು ಕೂಡಲೇ ಉತ್ತರ ಕೊಡಲಾರದೆ, ಪಾಠಶಾಲೆಯಲ್ಲಿ ಓದಿದ್ದ ಅರ್ಥಶಾಸ್ತ್ರವನ್ನು ಅಟ್ಟದಿಂದ ಇಳಿಸಿದೆನು.

ಈ ಗ್ರಂಥವು ಲೋಕಕ್ಕೆ ಮತ್ತೆ ದೊರೆತದ್ದು ಕನ್ನಡನಾಡಿನಲ್ಲಿಯೇ ಎಂಬುದನ್ನು ವಾಚಕರು ಬಲ್ಲರು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ತಂದೊಪ್ಪಿಸಿದ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. ನಮ್ಮ ಕೊಡಗಿನ ಕಾವೇರಿಯು ಹರಿದುಹೋಗುವ ದಂಡೆಯ ಊರದು.

ಗೂಢಪುರುಷರನ್ನು ನೇಮಿಸುವ ಪ್ರಕರಣದಲ್ಲಿ ಕೌಟಿಲ್ಯನು ಮೊದಲು ಹೆಸರಿಸುವುದು ಕಾಪಟಿಕನನ್ನು. ಇವನು ಪರರ ಮರ್ಮವನ್ನು ಬಲ್ಲ, ದಿಟ್ಟನಾದ ವಿದ್ಯಾರ್ಥಿ! ಅಂದು ಅರ್ಜಿಯೆಂಬುದಿರಲಿಲ್ಲ, ಮಂತ್ರಿಯೇ ಅವನನ್ನು ಕರೆದು, ಹಣದಿಂದಲೂ ಮನ್ನಣೆಯಿಂದಲೂ ಒಲಿಸಿ, ಕಂಡ ಕೇಡನ್ನು ಒಡನೆಯೇ ತಿಳಿಸುವಂತೆ ಆಜ್ಞಾಪಿಸುತ್ತಿದ್ದನು. ಅವನ ವೇತನ 1,000 ಪಣ, ಮಂತ್ರಿಯದು 48,000. ಇಂದಾದರೋ ಒಂದು ಗಂಟೆಯಲ್ಲಿ ನೂರು ಪ್ರಶ್ನೆಗಳಿಗೆ ಉತ್ತರಿಸಬೇಕು. ಆಮೇಲೆ ಪ್ರಬಂಧ, ಸಂದರ್ಶನ, ನಡತೆಯ ವಿಚಾರಣೆ.

ನಡತೆಯ ಪರೀಕ್ಷೆಯು ಹೊಸದಲ್ಲ. ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧೆಗಳಿಂದ ಅಮಾತ್ಯರನ್ನು ಶೋಧಿಸುವ ಕ್ರಮವನ್ನು ಹಿಂದಿನ ಆಚಾರ್ಯರು ಹೇಳಿದ್ದರು. ಕೌಟಿಲ್ಯನು ಅದನ್ನು ಒಪ್ಪಿಯೂ ಎಚ್ಚರಿಕೆಯನ್ನು ಸೇರಿಸುತ್ತಾನೆ: ಕೆಡದವನನ್ನು ಪರೀಕ್ಷೆಯ ನೆಪದಿಂದ ಕೆಡಿಸುವುದು ನೀರಿಗೆ ವಿಷವಿಕ್ಕಿದಂತೆ, ಆ ಮೇಲೆ ಮದ್ದು ದೊರೆಯದೆ ಹೋದೀತು. ಕ್ರೂರನೆಂದು ಹೆಸರಾದವನ ಬಾಯಿಂದ ಈ ಮಾತು ಬಂದಿರುವುದನ್ನು ನೋಡಿ ನಾನು ಪ್ರತಿಸಲವೂ ಬೆರಗಾಗುತ್ತೇನೆ. ವಿಷಪ್ರಯೋಗಿಗಳನ್ನೂ ಚಾರರ ಪಟ್ಟಿಗೆ ಸೇರಿಸಿದವನು ಅವನೇ. ಅದನ್ನು ನಾನು ಮರೆಮಾಚಲಾರೆ.

ತಾಯಿಯ ಪ್ರಶ್ನೆಗೆ ಉತ್ತರವಿದ್ದುದು ಬೇರೊಂದು ವಿಧಿಯಲ್ಲಿ. ಅಲೆದಾಡುವ ಚಾರರು ತಂದ ಸುದ್ದಿಯು ಒಂದೆಡೆ ನೆಲೆಸಿದ ‘ಸಂಸ್ಥೆ’ಗಳ ಮೂಲಕ, ಸಂಕೇತಲಿಪಿಯಲ್ಲಿ ಸಾಗತಕ್ಕದ್ದು. ಅವರು ಒಬ್ಬರನ್ನೊಬ್ಬರು ಅರಿಯಕೂಡದು. ಮೂವರ ಮಾತು ಒಂದಾದರೆ ಮಾತ್ರ ಅದನ್ನು ನಂಬತಕ್ಕದ್ದು. ಅರಿಯಕೂಡದೆಂಬ ನಿಯಮವಿಲ್ಲದಿದ್ದರೆ ಮೂವರೆಂಬ ನಿಯಮಕ್ಕೆ ಬೆಲೆಯಿಲ್ಲ. ಒಬ್ಬನ ಸುಳ್ಳೇ ಮೂರು ಬಾಯಲ್ಲಿ ಬಂದೀತು. ಚಾಡಿಗೆ ಒಂದು ಕಿವಿ ಸಾಕು; ವರ್ತಮಾನಕ್ಕೆ ಶೋಧನೆ ಬೇಕು. ಈಗಿನ ಕಚೇರಿಯಲ್ಲಿ ಬಂದ ಸುದ್ದಿಗಳನ್ನು ಓದಿ, ತೂಗಿ, ವರದಿ ಬರೆಯುವವರ ಕಾರ್ಯವೂ ಇದೇ.

ಇದನ್ನು ನಾನು ತಡವಾಗಿ ಕಲಿತೆನು. ಅಧ್ಯಾಪಕನಾಗಿದ್ದಾಗ ಒಬ್ಬ ಹುಡುಗನ ಮಾತನ್ನೇ ನಂಬಿ ಇನ್ನೊಬ್ಬನಿಗೆ ಕಳವಿನ ಶಿಕ್ಷೆ ಕೊಟ್ಟಿದ್ದೆನು. ಕಳೆದ ವಸ್ತುವು ನನ್ನ ಮೇಜಿನ ಸೆರೆಯಲ್ಲಿಯೇ ಸಿಕ್ಕಿತು. ಹುಡುಗನು ಮಾತ್ರ ಮತ್ತೆ ಶಾಲೆಗೆ ಬರಲಿಲ್ಲ.

ತಾಯಿಯ ಅಂಜಿಕೆಯು ನಿರಾಧಾರವೆಂದೂ ಹೇಳಲಾರೆ. ಚಿಕ್ಕದೇವರಾಜ ಒಡೆಯರು (1673–1704) ಏರ್ಪಡಿಸಿದ ಅಂಚೆಯ ನೌಕರರು ಪ್ರಜೆಗಳ ಪತ್ರಗಳನ್ನು ಗುಟ್ಟಾಗಿ ನೋಡಿ ಅರಮನೆಗೆ ಸುದ್ದಿ ಮುಟ್ಟಿಸುತ್ತಿದ್ದರೆಂದು ಇತಿಹಾಸಕಾರ ವಿಲ್ಕ್ಸನು ಬರೆದಿದ್ದಾನೆ. ಅಂಚೆಯೇನೋ 1889ರಲ್ಲಿ ಬ್ರಿಟಿಷ್ ಸರ್ಕಾರದ ಅಂಚೆಯೊಡನೆ ಸೇರಿಹೋಯಿತು. ಕಿವಿಗೊಡುವ ಅಧಿಕಾರವು ಎಲ್ಲಿಯವರೆಗೆ ಎಂಬ ಪ್ರಶ್ನೆ ಉಳಿದಿದೆ.

ಅರ್ಜಿ ಹಾಕೆಂದೆನು. ಪ್ರಬಂಧಕ್ಕೆ ಅಭ್ಯಾಸವಾಗಲೆಂದು, ಊರಿನ ಒಂದು ಸಂಗತಿಯನ್ನು ಮೂವರಿಂದ ಬೇರೆ ಬೇರೆಯಾಗಿ ಕೇಳಿ, ಒಂದು ಪುಟ ಬರೆದು ತರಲು ಹೇಳಿದೆನು. ವಾರದೊಳಗೆ ತಂದಳು. ಗದ್ದೆಗಿಳಿದ ಆನೆಗಳು ನಾಲ್ಕೆಂದು ಮೂವರೂ ಹೇಳಿದ್ದರು. ಕೆಳಗೆ ಅವಳೇ ಬರೆದಿದ್ದಳು: “ಮೂವರೂ ಕೇಳಿದ್ದು ಒಂದೇ ಅಂಗಡಿಯಲ್ಲಿ. ಅಂಗಡಿಯವರು ಆನೆಗಳನ್ನು ನೋಡಿಲ್ಲ.”