ಮ್ಯಾಗ್‌ಪೈ ಹಕ್ಕಿಯ ಒಡಲಲ್ಲಿ ಎರಡಕ್ಷರ

ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ಇಂಗ್ಲಿಷ್ ಮೇಷ್ಟರು ಒಂದು ದಿನ ‘ಕಬರ್ಡ್’ ಎಂಬ ಶಬ್ದವನ್ನು ಬರೆಯಹೇಳಿದರು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆಯುವುದೇ ಬರವಣಿಗೆಯೆಂದು ಕನ್ನಡ ನನಗೆ ಕಲಿಸಿತ್ತು. ಅಂತೆಯೇ ಸಿ, ಯು, ಆಮೇಲೆ ಎರಡು ಬಿ ಹಾಕಿ ಬರೆದೆ. ಮೇಷ್ಟರು ನನ್ನ ಪುಸ್ತಕವನ್ನೆತ್ತಿ ತರಗತಿಗೆಲ್ಲ ತೋರಿಸಿದರು, ತರಗತಿ ನಕ್ಕಿತು. ಅಲ್ಲಿ ಒಂದು ‘ಪಿ’ ಏಕಿರಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಅದಕ್ಕೆ ಸಮಾಧಾನ ದೊರೆತದ್ದು ಬಹುಕಾಲದ ಮೇಲೆ, ಅದೂ ಒಂದು ಆಟದ ಕಥೆಯನ್ನು ಓದುತ್ತಿದ್ದಾಗ.

‘ಆಲಿಸ್’ ಕಥೆಗಳ ಲೂಯಿ ಕ್ಯಾರಲ್ ಯಾರಿಗೆ ಗೊತ್ತಿಲ್ಲ? ಆತನ ನಿಜವಾದ ಹೆಸರು ಚಾರ್ಲ್ಸ್ ಲಟ್ವಿಜ್ ಡಾಜ್ಸನ್ (1832–1898). ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕ. ಪಾಠ ಹೇಳುವ ಕೆಲಸವನ್ನು 1881ರಲ್ಲಿ ಬಿಟ್ಟ. ಸುಮಾರು ಅದೇ ಕಾಲಕ್ಕೆ ‘ಮಂತ್ಲಿ ಪ್ಯಾಕೆಟ್’ ಎಂಬ ಮಾಸಪತ್ರಿಕೆಯಲ್ಲಿ ಒಂದು ಹೊಸ ಆಟವನ್ನು ಪ್ರಕಟಿಸಿದ. ಅದರ ಹೆಸರು ‘ಮಿಶ್‌ಮ್ಯಾಶ್’, ಎಂದರೆ ಕಲಸುಮೇಲೋಗರ.

ಹೆಸರು ಕಲಸುಮೇಲೋಗರವಾದರೂ ಆಟ ಬಹು ಅಚ್ಚುಕಟ್ಟು. ಒಬ್ಬ ಎರಡೋ ಅದಕ್ಕಿಂತ ಹೆಚ್ಚೋ ಅಕ್ಷರಗಳ ಒಂದು ಗುಂಪನ್ನು ಕೊಡುತ್ತಾನೆ. ಅವು ಅದೇ ಕ್ರಮದಲ್ಲಿ, ಒಂದರ ಪಕ್ಕದಲ್ಲೊಂದು ಬರುವ ಶಬ್ದವನ್ನು ಇನ್ನೊಬ್ಬ ಹುಡುಕಬೇಕು. ಕ್ಯಾರಲನೇ ಕೊಟ್ಟ ಉದಾಹರಣೆ: ‘ಜಿ-ಪಿ’ ಎಂದರೆ ‘ಮ್ಯಾಗ್‌ಪೈ’, ‘ಇ-ಎಂ-ಓ’ ಎಂದರೆ ‘ಲೆಮನ್’, ‘ಐ-ಎಂ-ಎಸ್-ಇ’ ಎಂದರೆ ‘ಹಿಮ್‌ಸೆಲ್ಫ್’. ಶಬ್ದವು ಸಾಮಾನ್ಯ ಜನ ಬಲ್ಲದ್ದಾಗಿರಬೇಕು. ಅಂಕಿತನಾಮ ಕೂಡದು. ಸದಾ ದೊಡ್ಡಕ್ಷರದಿಂದ ಆರಂಭವಾಗುವುದೆಲ್ಲ ಅಂಕಿತನಾಮವೇ ಆದ್ದರಿಂದ, ‘ಇಂಗ್ಲಿಷ್’ ಎಂಬ ಶಬ್ದಕ್ಕೇ ಈ ಇಂಗ್ಲಿಷ್ ಆಟದಲ್ಲಿ ಪ್ರವೇಶವಿಲ್ಲ! ಕೊಟ್ಟ ಅಕ್ಷರಗಳ ನಡುವೆಯೇ ಅಡ್ಡಗೆರೆ ಬರುವ ಶಬ್ದಗಳಿಗೂ ಬಹಿಷ್ಕಾರ.

ಇನ್ನೊಂದು ನಿಯಮ ನನಗೆ ತೀರ ಹಿಡಿಸಿತು. ಅಕ್ಷರ ಕೊಡುವವನಿಗೆ ಉತ್ತರ ಗೊತ್ತಿರಲೇಬೇಕೆಂದಿಲ್ಲ. ಹುಡುಕುವವನು ‘ಸೋತೆ’ ಎನ್ನಬಹುದು, ಇಲ್ಲವೆ ಧೈರ್ಯವಿದ್ದರೆ ‘ಅಂಥ ಶಬ್ದವೇ ಇಲ್ಲ’ ಎಂದು ಸಾರಬಹುದು. ಇದೆ ಎನ್ನುವುದಕ್ಕೆ ಒಂದು ಶಬ್ದ ಸಾಕು. ಇಲ್ಲ ಎನ್ನುವುದಕ್ಕೆ? ಇಡೀ ಭಾಷೆಯೇ ನಾಲಗೆಯ ತುದಿಯಲ್ಲಿರಬೇಕು.

ನಿಘಂಟನ್ನು ನೋಡಬಾರದೆ ಎಂದು ವಾಚಕರು ಕೇಳಬಹುದು. ನೋಡುವುದು ಹೇಗೆ? 1755ರ ಜಾನ್ಸನ್ ನಿಘಂಟಿನಲ್ಲಿ ಶಬ್ದದ ತಲೆ ಹಿಡಿದು ಒಳಗೆ ಹೋಗಬೇಕು. 1775ರಲ್ಲಿ ಜಾನ್ ವಾಕರ್ ಪ್ರಾಸ ಹುಡುಕುವವರಿಗಾಗಿ ಶಬ್ದಗಳನ್ನು ಕೊನೆಯ ಅಕ್ಷರದಿಂದ ಹಿಮ್ಮುಖವಾಗಿ ಜೋಡಿಸಿದ. ಅಲ್ಲಿ ಬಾಲ ಹಿಡಿಯಬಹುದು. ಹೊಟ್ಟೆಯಲ್ಲಿರುವುದಕ್ಕೆ ಎರಡೂ ಪ್ರಯೋಜನವಿಲ್ಲ. ಎರಡನೆಯ ಅಕ್ಷರದ ಪ್ರಾಸಕ್ಕೆ ಕಟ್ಟುಬಿದ್ದ ನಮ್ಮ ಹಳೆಯ ಕವಿಗಳ ಪಾಡೂ ಇದೇ ಆಗಿತ್ತು. 1911ರಲ್ಲಿ ಗೋವಿಂದ ಪೈಗಳು ಆ ಪ್ರಾಸವನ್ನು ಬಿಟ್ಟರು, ಆದರೆ ಆಟವಾಡುವವನು ನಿಯಮ ಬಿಟ್ಟರೆ ಆಟವೇ ಇಲ್ಲವಷ್ಟೆ! ಆಕ್ಸ್‌ಫರ್ಡಿನ ಮಹಾನಿಘಂಟಿನ ಮೊದಲ ಸಂಚಿಕೆ ಹೊರಬಂದದ್ದು 1884ರಲ್ಲಿ, ಮುಗಿದದ್ದು 1928ರಲ್ಲಿ. ಕ್ಯಾರಲ್ ಅದನ್ನು ಪೂರ್ತಿ ಕಾಣಲಿಲ್ಲ.

ಈಗ ಈ ಕಷ್ಟವಿಲ್ಲ. 1973ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್ ‘ಗ್ರೆಪ್’ ಎಂಬ ಸಣ್ಣ ಗಣಕವಿಧಿಯನ್ನು ಹೊರತಂದ. ಅಕ್ಷರ ಕೊಟ್ಟರೆ, ಅವು ಬರುವ ಸಾಲುಗಳನ್ನೆಲ್ಲ ಹೆಕ್ಕಿ ಮುಂದಿಡುವುದೇ ಅದರ ಕೆಲಸ. ಶಬ್ದಗಳ ಪಟ್ಟಿಯೊಂದನ್ನು ಮುಂದಿಟ್ಟರೆ ಕ್ಷಣಮಾತ್ರದಲ್ಲಿ ಉತ್ತರ. ಆದರೆ ಗಣಕ ‘ಇಲ್ಲ’ ಎಂದರೆ ಪಟ್ಟಿಯಲ್ಲಿಲ್ಲ ಎಂದಷ್ಟೇ ಅರ್ಥ. ಮತ್ತು ಅದು ಶಬ್ದವನ್ನು ಎತ್ತಿ ಕೊಡುತ್ತದೆ, ಆ ಅಕ್ಷರಗಳು ಅಲ್ಲಿಗೆ ಬಂದ ಬಗೆಯನ್ನು ಹೇಳುವುದಿಲ್ಲ.

ನನಗೆ ಬೇಕಾದದ್ದು ಅದೇ. ‘ಜಿ’ ಮತ್ತು ‘ಪಿ’ ಅಕ್ಕಪಕ್ಕ ಕೂರುವುದು ಅಪರೂಪ. ಕೂತಿದ್ದರೆ ಅದು ಎರಡು ಶಬ್ದ ಬೆಸೆದ ಜಾಗವೆಂದು ಅನುಮಾನಿಸಬೇಕು. ಮ್ಯಾಗ್‌ಪೈಯಲ್ಲಿ ‘ಪೈ’ ಎಂಬುದು ಲ್ಯಾಟಿನ್ನಿನಿಂದ ಬಂದ ಹಕ್ಕಿಯ ಹಳೆಯ ಹೆಸರು; ‘ಮ್ಯಾಗ್’ ಎಂಬುದು ಮಾರ್ಗರೆಟ್ ಎಂಬ ಹೆಂಗಸಿನ ಹೆಸರಿನ ಮುದ್ದುರೂಪ. ಅಂಕಿತನಾಮ ಕೂಡದೆಂದ ಕ್ಯಾರಲನ ಮೊದಲ ಉದಾಹರಣೆಯಲ್ಲೇ ಒಬ್ಬ ಮಾರ್ಗರೆಟ್ ಅಡಗಿ ಕುಳಿತಿದ್ದಾಳೆ! ‘ಹಿಮ್‌ಸೆಲ್ಫ್’ ಕೂಡ ಜೋಡುಪದವೇ. ‘ಪಿ-ಬಿ’ ಇರುವ ಕಬರ್ಡ್ ಮೊದಲು ‘ಕಪ್ ಬೋರ್ಡ್’, ಬಟ್ಟಲುಗಳನ್ನಿಡುವ ಹಲಗೆ. ಬಾಗಿಲಿನ ಕಪಾಟೆಂಬ ಅರ್ಥ ಆಮೇಲಿನದು. ನಾಲಗೆ ಸವೆಸಿದ ‘ಪಿ’ಯನ್ನು ಬರವಣಿಗೆ ಬಿಟ್ಟುಕೊಡಲಿಲ್ಲ. ಮೇಷ್ಟರು ಇಷ್ಟು ಹೇಳಿದ್ದರೆ ಸಾಕಾಗಿತ್ತು, ನಗುವುದಕ್ಕೆ ಬದಲು.

ಹೋದ ಬೇಸಿಗೆಯಲ್ಲಿ ಮಗಳಿಗೆ ಈ ಆಟ ಕಲಿಸಿದೆ. ಅವಳು ಮೊದಲಿಗೇ ‘ಡಬ್ಲ್ಯು-ಕೆ-ಡಬ್ಲ್ಯು’ ಎಂದಳು. ನಾನು ಎರಡು ನಿಮಿಷ ತಡಕಾಡಿ, ಅಧ್ಯಾಪಕನ ಗತ್ತಿನಿಂದ ‘ಅಂಥ ಶಬ್ದವೇ ಇಲ್ಲ’ ಎಂದು ಸಾರಿದೆ. ‘ಆಕ್ವರ್ಡ್, ಅಪ್ಪಾ’ ಎಂದು ನಕ್ಕಳು. ನನ್ನ ಸರದಿ ಬಂದಾಗ ‘ಪಿ-ಬಿ’ ಕೊಟ್ಟೆ. ಅವಳು ಬಟ್ಟೆಯ ಕಬರ್ಡಿಗೆ ಒರಗಿ ನಿಂತು ಬಹಳ ಹೊತ್ತು ಯೋಚಿಸಿದಳು.